‘ನೀಡಲಾದ’ ಎಂಬ ಪದಕ್ಕೆ ಎಂಟು ಅಂಕ

ಮೌಲ್ಯಮಾಪನ ಕುಲಸಚಿವರೇ,

ಅರವತ್ತು ಲಕ್ಷ ಯೆಹೂದಿಗಳನ್ನು ಕೊಂದದ್ದು ಕೊಲೆಯಲ್ಲ, ಅವರಿಗೆ ಮಾಡಿದ ಉಪಕಾರ ಎಂದು ತಮ್ಮ ವಿಶ್ವವಿದ್ಯಾಲಯ ಈ ಸಲದ ಪದವಿ ಪರೀಕ್ಷೆಯಲ್ಲಿ ತೀರ್ಮಾನಿಸಿದೆ. ತಮ್ಮ ಗಮನಕ್ಕೆ ಬಂದಿಲ್ಲವಾದರೆ ಇತಿಹಾಸ ಪತ್ರಿಕೆಯ ಹದಿನಾಲ್ಕನೇ ಪ್ರಶ್ನೆಯನ್ನು ದಯವಿಟ್ಟು ಓದಿ: “ಎರಡನೇ ಮಹಾಯುದ್ಧದ ಕಾಲದಲ್ಲಿ ಯೆಹೂದಿಗಳಿಗೆ ನೀಡಲಾದ ಅಂತಿಮ ಪರಿಹಾರವನ್ನು ವಿವರಿಸಿ. ಎಂಟು ಅಂಕ.” ನೀಡಲಾದ! ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಸರ್ಕಾರ ಕೊಡುತ್ತದಲ್ಲ, ಆ ಥರದ ಪರಿಹಾರ.

ಆಗಿದ್ದು ಇಷ್ಟು. ಕೊಂದವರು ತಮ್ಮ ಯೋಜನೆಗೆ ತಾವೇ ಇಟ್ಟುಕೊಂಡ ಹೆಸರು ‘ಯೆಹೂದಿ ಸಮಸ್ಯೆಗೆ ಅಂತಿಮ ಪರಿಹಾರ’. ಇಂಗ್ಲಿಷ್ ಪ್ರಶ್ನೆಯಲ್ಲಿ ಆ ಮಾತಿನ ಆಚೆ ಈಚೆ ಉದ್ಧರಣ ಚಿಹ್ನೆಗಳಿವೆ. ಅದನ್ನು ನಮ್ಮ ಭಾಷೆಗೆ ತಂದ ಪುಣ್ಯಾತ್ಮರು ಚಿಹ್ನೆಗಳನ್ನು ಕಿತ್ತುಹಾಕಿ, ‘ನೀಡಲಾದ’ ಎಂಬುದನ್ನು ತಮ್ಮ ಕೈಯಿಂದ ದಾನ ಮಾಡಿದರು. ಮಾದರಿ ಉತ್ತರ ಸಿದ್ಧಪಡಿಸಿದವರು ಅದನ್ನೇ ಕಣ್ಣುಮುಚ್ಚಿ ನಂಬಿದರು. ಪೂರ್ವದ ಪ್ರಾಂತ್ಯಗಳಲ್ಲಿ ಪುನರ್ವಸತಿ, ಮೂರು ಅಂಕ. ಉದ್ಯೋಗ, ಮೂರು ಅಂಕ. ರೈಲು ಪ್ರಯಾಣದ ವ್ಯವಸ್ಥೆ, ಎರಡು ಅಂಕ. ಸ್ವಾಮಿ, ‘ಪುನರ್ವಸತಿ’ ಎನ್ನುವುದು ಆ ಜನರನ್ನು ರೈಲು ಹತ್ತಿಸುವಾಗ ಹೇಳಿದ ಸುಳ್ಳು. ಅದನ್ನು ನಂಬಿ ತಾಯಂದಿರು ಮಕ್ಕಳ ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬಿಕೊಂಡು ಹೋದರು. ಎಂಬತ್ತು ವರ್ಷ ಕಳೆದ ಮೇಲೆ ತಾವು ಆ ಸುಳ್ಳಿಗೆ ಮೂರು ಅಂಕ ಕೊಟ್ಟಿದ್ದೀರಿ.

ನಾನು ಯಾರು ಅಂತೀರಾ? ಇಪ್ಪತ್ತೆರಡು ವರ್ಷದಿಂದ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವಳು. ಮದುವೆಯಾದಾಗ ಅರ್ಧಕ್ಕೇ ನಿಂತ ಡಿಗ್ರಿ ಮುಗಿಸೋಣ ಎಂದು ನಲವತ್ತಾರನೇ ವಯಸ್ಸಿನಲ್ಲಿ ಸಂಜೆ ಕಾಲೇಜು ಸೇರಿದೆ. ಅದೇ ಕಾಲೇಜಿನ ಬೆಳಗಿನ ತರಗತಿಯಲ್ಲಿ ನನ್ನ ಮಗಳಿದ್ದಳು. ಇಬ್ಬರಿಗೂ ಈ ಪಾಠ ಮಾಡಿದ್ದು ಒಬ್ಬರೇ ಮೇಷ್ಟ್ರು. ಅವತ್ತು ಅವರು ಬೋರ್ಡಿನ ಮೇಲೆ ‘ಸ್ಥಳಾಂತರ’, ‘ಪುನರ್ವಸತಿ’, ‘ವಿಶೇಷ ಉಪಚಾರ’, ‘ಅಂತಿಮ ಪರಿಹಾರ’ ಎಂದು ಸಾಲಾಗಿ ಬರೆದು, ಒಂದೊಂದರ ಕೆಳಗೂ ‘ಕೊಲೆ’ ಎಂದು ಬರೆದರು. “ಇವೆಲ್ಲ ಕೊಂದೋರ ಮಾತು. ಬರೀಲೇಬೇಕಾಗಿ ಬಂದರೆ ಚಿಹ್ನೆ ಹಾಕಿ ಬರೀರಿ. ಚಿಹ್ನೆ ಬಿಟ್ಟರೆ ಅದು ನಿಮ್ಮ ಮಾತಾಗುತ್ತೆ,” ಅಂದರು. ನನ್ನ ಪಕ್ಕ ಕೂರುತ್ತಿದ್ದ ನರ್ಸ್ ಕಣ್ಣೊರೆಸಿಕೊಂಡಳು. ಡ್ಯೂಟಿಗೆ ಹೊತ್ತಾಗಿದ್ದರೂ ಅವಳು ಎದ್ದು ಹೋಗಲಿಲ್ಲ.

ಪರೀಕ್ಷೆಯಲ್ಲಿ ಆ ಪ್ರಶ್ನೆ ಓದಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಕೈ ಸುಮ್ಮನಿರಬೇಕಲ್ಲ, ಪ್ರಶ್ನೆಪತ್ರಿಕೆಯಲ್ಲೇ ‘ನೀಡಲಾದ’ ಹೊಡೆದುಹಾಕಿ, ಬಿಟ್ಟುಹೋದ ಚಿಹ್ನೆಗಳನ್ನು ಸೇರಿಸಿದೆ. ಆಮೇಲೆ ನಾಲ್ಕು ಪುಟ ಬರೆದೆ. ಮೊದಲು ಅವರ ಹಕ್ಕು ಕಿತ್ತುಕೊಂಡರು, ಆಮೇಲೆ ಕೆಲಸ, ಆಮೇಲೆ ಮನೆ. ಗುಂಡಿಯ ಅಂಚಿನಲ್ಲಿ ಸಾಲಾಗಿ ನಿಲ್ಲಿಸಿ ಗುಂಡು ಹೊಡೆದರು. ಸ್ನಾನದ ಕೋಣೆ ಎಂದು ನಂಬಿಸಿ ಒಳಗೆ ಕೂಡಿಹಾಕಿ ವಿಷಾನಿಲ ಬಿಟ್ಟರು. ನನಗೆ ಬಂದದ್ದು ಸೊನ್ನೆ. ಪಕ್ಕದಲ್ಲಿ ‘ಪ್ರಶ್ನೆಗೆ ಸಂಬಂಧವಿಲ್ಲ’ ಎಂಬ ಷರಾ.

ಸೊನ್ನೆಯನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ನನ್ನ ಉತ್ತರಪತ್ರಿಕೆಯ ನಕಲಿನ ಜೊತೆಗೆ ಮಗಳದ್ದೂ ಮನೆಗೆ ಬಂತು. ಎಂಟಕ್ಕೆ ಎಂಟು. ‘ಯೆಹೂದಿಗಳಿಗೆ ಹೊಸ ಊರುಗಳಲ್ಲಿ ನೆಲೆ ಕಲ್ಪಿಸಿ, ರೈಲಿನ ಸೌಕರ್ಯ ಒದಗಿಸಲಾಯಿತು’ ಎಂದು ದುಂಡಗೆ ಬರೆದಿದ್ದಳು.

“ಮೇಷ್ಟ್ರು ಹೇಳಿದ್ದು ಮರೆತುಬಿಟ್ಟೆಯೇನೇ?” ಎಂದೆ.

“ಇಲ್ಲಮ್ಮ, ಎಲ್ಲಾ ನೆನಪಿತ್ತು. ಆದ್ರೆ ಪ್ರಶ್ನೆ ಹಾಗಿತ್ತಲ್ಲ. ಅವರಿಗೆ ಏನು ಬೇಕು ಅಂತ ಗೊತ್ತಾಯ್ತು, ಅದನ್ನೇ ಬರೆದೆ.”

“ಸುಳ್ಳು ಅಂತ ಗೊತ್ತಿದ್ದೂ?”

“ಎಂಟು ಮಾರ್ಕ್ಸಮ್ಮ! ನಿನಗೇನು, ನಿನ್ನ ಕೆಲಸ ನಿನಗಿದೆ.”

ನನ್ನ ಮಗಳು ಕೆಟ್ಟವಳಲ್ಲ, ಕುಲಸಚಿವರೇ. ದಾರಿಯಲ್ಲಿ ಕುಂಟುವ ನಾಯಿ ಕಂಡರೆ ಊಟ ಬಿಡುವ ಹುಡುಗಿ. ಅದಕ್ಕೇ ನನಗೆ ಭಯವಾಗಿದೆ. ಆ ರೈಲುಗಳ ವೇಳಾಪಟ್ಟಿ ಬರೆದವರೂ ಮೇಲಿನವರು ಕೇಳಿದ್ದನ್ನೇ ದುಂಡಗೆ ಬರೆದುಕೊಟ್ಟವರಲ್ಲವೇ?

ತಮ್ಮ ಕಚೇರಿಗೂ ಬಂದಿದ್ದೆ. ಮೂರು ಕಿಟಕಿ ಸುತ್ತಿಸಿ ನಾಲ್ಕನೆಯದರಲ್ಲಿ ಒಬ್ಬ ಗುಮಾಸ್ತರು ಸಿಕ್ಕರು. ‘ಅಂತಿಮ ಪರಿಹಾರ’ ಅಂದರೆ ಏನೆಂದು ಅವರಿಗೂ ವಿವರಿಸಿದೆ. “ಮಾದರಿ ಉತ್ತರದಲ್ಲಿ ಇಲ್ಲದ್ದಕ್ಕೆ ಮಾರ್ಕ್ಸ್ ಕೊಡೋಕಾಗಲ್ಲಮ್ಮ,” ಅಂದರು. ಆಮೇಲೆ ಕನ್ನಡಕ ತೆಗೆದು, ನಿಜವಾದ ಕುತೂಹಲದಿಂದಲೇ ಕೇಳಿದರು: “ಅಷ್ಟಕ್ಕೂ ಅವರು ನಿಮಗೇನಾಗ್ಬೇಕು?” ಏನೂ ಆಗಬೇಕಿಲ್ಲ. ಅವತ್ತು ಅವರನ್ನು ಎಳೆದೊಯ್ಯುವಾಗ ಅಕ್ಕಪಕ್ಕದ ಮನೆಯವರು ಬಾಗಿಲು ಹಾಕಿಕೊಂಡದ್ದೂ ಅದೇ ಲೆಕ್ಕದಲ್ಲಿ ಇರಬೇಕು. ಅಲ್ಲೇ ಒಂದು ತಕರಾರು ಅರ್ಜಿ ಬರೆದುಕೊಟ್ಟು ಮೆಟ್ಟಿಲಿಳಿದು ಬಂದೆ.

ಹದಿನೈದು ದಿನಕ್ಕೆ ತಮ್ಮ ಆದೇಶ ಬಂತು. ತಕರಾರು ಮಾಡಿದವರಿಗೆ ಎಂಟು ಕೃಪಾಂಕ. ಪ್ರಶ್ನೆ ಮಾತ್ರ ಹಾಗೆಯೇ ಪ್ರಶ್ನೆಕೋಶದಲ್ಲಿ ಇರುತ್ತದಂತೆ, ಮಾದರಿ ಉತ್ತರದ ಸಮೇತ. ಅಂದರೆ ಮುಂದಿನ ವರ್ಷದ ಮಕ್ಕಳು ಅದನ್ನೇ ಉರುಹೊಡೆಯುತ್ತಾರೆ. ನನ್ನ ಬಾಯಿಗೆ ಎಂಟು ಅಂಕ ತುರುಕಿ ಕೈತೊಳೆದುಕೊಂಡಿರಿ. ಎಂಥಾ ದೊಡ್ಡ ಮನಸ್ಸು ತಮ್ಮದು!

ನನಗೆ ಆ ಕೃಪೆ ಬೇಡ. ಆ ಪ್ರಶ್ನೆಯನ್ನೂ ಮಾದರಿ ಉತ್ತರವನ್ನೂ ರದ್ದುಮಾಡಿ, ಏಕೆ ರದ್ದುಮಾಡಿದಿರಿ ಎಂದು ಪ್ರತಿ ಕಾಲೇಜಿನ ಸೂಚನಾಫಲಕದಲ್ಲಿ ಹಾಕಿಸಿ. ಆ ಉತ್ತರಕ್ಕೆ ಕೊಟ್ಟ ಅಂಕಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡು, ಸರಿಯಾದ ಪ್ರಶ್ನೆಗೆ ಮರುಪರೀಕ್ಷೆ ನಡೆಸಿ. ನನ್ನ ಮಗಳ ಎಂಟನ್ನೂ ಕಳೆಯಿರಿ. ಅವು ಹೋದರೆ ಶಿಕ್ಷಕರ ತರಬೇತಿಗೆ ಈ ವರ್ಷ ಅವಳಿಗೆ ಸಿಕ್ಕ ಸೀಟು ಹೋಗುತ್ತದೆ. ಗೊತ್ತಿದ್ದೇ ಬರೆಯುತ್ತಿದ್ದೇನೆ. ಅವಳು ಪಾಠ ಹೇಳಲು ಹೊರಟಿರುವುದು ಇತಿಹಾಸವನ್ನೇ.

ಈ ಪತ್ರದ ವಿಷಯ ಹೇಳಿದಾಗಿನಿಂದ ನಾಲ್ಕು ದಿನ ಅವಳು ನನ್ನೊಡನೆ ಮಾತಾಡಿರಲಿಲ್ಲ. ಇವತ್ತು ಬೆಳಿಗ್ಗೆ ಕರಡನ್ನು ಮೇಜಿನ ಮೇಲಿಟ್ಟು ಕೆಲಸಕ್ಕೆ ಹೋಗಿದ್ದೆ. ಬಂದು ನೋಡಿದರೆ ನನ್ನ ಕೆಂಪು ಪೆನ್ನಿನಿಂದ ಒಂದೇ ಒಂದು ತಿದ್ದುಪಡಿ ಮಾಡಿದ್ದಳು. ತಮ್ಮ ಗುಮಾಸ್ತರ ಪ್ರಸಂಗ ಬರೆಯುವಾಗ, ಇಪ್ಪತ್ತೆರಡು ವರ್ಷ ಪ್ರೂಫ್ ನೋಡಿದ ನಾನು ‘ಅಂತಿಮ ಪರಿಹಾರ’ಕ್ಕೆ ಚಿಹ್ನೆ ಹಾಕುವುದನ್ನು ಮರೆತಿದ್ದೆ. ಅವಳು ಹಾಕಿದ್ದಳು. ತನ್ನ ಅಂಕ ಕಳೆಯಿರಿ ಎಂಬ ಸಾಲನ್ನು ಹೊಡೆದುಹಾಕಿರಲಿಲ್ಲ.

ಇಂತಿ,
ನಿಜ ಬರೆದು ಸೊನ್ನೆ ಪಡೆದವಳು,
ಸುಳ್ಳು ಬರೆದು ಎಂಟು ಪಡೆದವಳ ತಾಯಿ