ಚೌಕ ಕಂಸದೊಳಗಿನ ಎರಡು ಮನೆ

ಇಸವಿ 2219, ಎರಡನೇ ಆಷಾಢದ ನಲವತ್ತೊಂದನೇ ದಿನ
ಮೇಲ್ವಾಡ

ಏಳು ತಲೆಮಾರು ಹಿಂದಿನವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಮಳೆ ನಿಲ್ಲುವ ತನಕ ಆಷಾಢ ಮುಗಿಯುವುದಿಲ್ಲ; ಕೆಲವು ವರ್ಷ ಎರಡು ಸಲ ಬರುತ್ತದೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನೀವು ಬಿಟ್ಟುಹೋದ ದಾಖಲೆಗಳನ್ನು ಓದಿ ಕಲಿತೆ. ಹೆಸರು ಮಂಜರಿ ಬಡಿಗೇರ, ವಯಸ್ಸು ಹತ್ತೊಂಬತ್ತು. ಏಳನೇ ತರಗತಿಗೆ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ಬಡತನವೂ ಕಾರಣವಲ್ಲ. ಒಂದೇ ಕಡೆ ಕೂರಲು ನನ್ನಿಂದ ಆಗಲಿಲ್ಲ.

ನಮ್ಮ ಊರು ಎರಡು ಪಾಲು. ಗುಡ್ಡದ ಮೇಲಿನದು ಮೇಲ್ವಾಡ, ಹೊಳೆಯ ಮಗ್ಗುಲಿನದು ಕೆಳವಾಡ. ಕೆಳವಾಡದಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ನೀರು ನಿಲ್ಲುತ್ತದೆ. ಜನ ಕಟ್ಟಿಗೆಯ ಅಟ್ಟದ ಮೇಲೆ ಒಲೆ ಹೂಡಿ, ಜೋಳದ ಹಿಟ್ಟಿನ ಡಬ್ಬಿಯನ್ನು ತೊಲೆಗೆ ನೇತುಹಾಕಿ ಬದುಕುತ್ತಾರೆ. ಮೇಲ್ವಾಡದಲ್ಲಿ ಮನೆ ಬೇಕೆಂದರೆ, ನಿಮ್ಮ ಕಾಲದಲ್ಲಿ ಮುಳುಗಿದ ಹಳ್ಳಿಗಳಲ್ಲಿ ತಮ್ಮ ಹಿರಿಯರಿಗೆ ಮನೆಯಿತ್ತೆಂದು ತೋರಿಸಬೇಕು. ಅದನ್ನು ನೋಡಿ ಹೇಳುವ ಕಚೇರಿಗೆ ನಾವು ಹುಡುಕುಮನೆ ಎನ್ನುತ್ತೇವೆ. ನನ್ನ ಕೆಲಸ ಅಲ್ಲಿ.

ನೆರೆಯಲ್ಲಿ ಮನೆ ಕಳೆದುಕೊಂಡವರದೆಂದು ನೀವು ಮಾಡಿಟ್ಟ ನೆರೆಪಟ್ಟಿ ಈಗಲೂ ಇದೆ. ಕುಟುಂಬಕ್ಕೊಂದು ಸಾಲು, ಸಾಲಿನ ಕೊನೆಯ ಕಾಲಂನಲ್ಲಿ ಜೇಸನ್ ಎಂಬ ಬರಹ: ಸುರುಳಿ ಕಂಸದೊಳಗೆ ಒಂದೊಂದು ಹೆಸರು, ಅದರ ಎದುರಿಗೆ ಮಾಹಿತಿ. ಬೇರೆ ಕಾಲಂ ಮಾಡಲು ಬೇಸರವಾದದ್ದನ್ನೆಲ್ಲ ನೀವು ಅದರೊಳಗೆ ತುರುಕಿದ್ದೀರಿ. ಬೇಕಾದದ್ದನ್ನು ಅಲ್ಲಿಂದ ಹೊರತೆಗೆಯಲು ಡೇಟಾಬೇಸಿನಲ್ಲಿ ಜೇಸನ್ ವ್ಯಾಲ್ಯೂ ಎಂಬ ಫಂಕ್ಷನ್, ಅಂದರೆ ಸಿದ್ಧ ಆಜ್ಞೆ, ಇದೆ. ಯಾವ ಹೆಸರಿನ ಎದುರಿಗೆ ನೋಡಬೇಕೆಂದು ದಾರಿ ಹೇಳಿದರೆ ಅಲ್ಲಿರುವ ಒಂದು ಮಾಹಿತಿಯನ್ನು ತಂದುಕೊಡುತ್ತದೆ. ಆಗದಿದ್ದರೆ ನಲ್, ಅಂದರೆ ಖಾಲಿ. 'ಮನೆ' ಎಂಬ ಹೆಸರಿನ ದಾರಿಯನ್ನು ನಮ್ಮ ಮುಖ್ಯಸ್ಥ ಫಕ್ಕೀರಪ್ಪನವರು ಎಂದೋ ಬರೆದುಕೊಟ್ಟಿದ್ದರು. ನಾವು ದಿನವೂ ಅದನ್ನೇ ಓಡಿಸುತ್ತಿದ್ದೆವು. ಊರಿನ ಹೆಸರು ಬಂದರೆ ಹಸಿರು ಚೀಟಿ. ಖಾಲಿ ಬಂದರೆ 'ಇಲ್ಲ' ಎಂಬ ಮುದ್ರೆ.

ಚೈತ್ರದಲ್ಲಿ ಕೆಳವಾಡದ ದ್ಯಾಮಕ್ಕ ಸುಣಗಾರ ಎಂಬ ಅಜ್ಜಿ ಬಂದರು. ಸೊಂಟದ ಮೇಲೆ ಮೂರು ವರ್ಷದ ಮೊಮ್ಮಗಳು. ಖಾಲಿ ಬಂತು. ಮುದ್ರೆ ಒತ್ತಿದೆ.

"ಖಾಲಿ ಅಂದ್ರ ಇಲ್ಲಂತೇನ ಯವ್ವಾ?" ಎಂದರು. "ನಮ್ಮ ಹಿರೇರಿಗೆ ಒಂದಲ್ಲ, ಎರಡು ಮನಿ ಇದ್ದುವು."

"ಯಾಕ ಅಜ್ಜಿ ಬರೇ ಎರಡ? ಅರಮನಿನೂ ಇತ್ತನ್ನು!" ಎಂದು ಸರದಿಯಲ್ಲಿ ನಿಂತವರು ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಇದನ್ನು ಬರೆಯದೆ ಬಿಡಬಹುದಿತ್ತು, ಬಿಡುವುದಿಲ್ಲ.

ದ್ಯಾಮಕ್ಕನ ಕುಟುಂಬದ ಸಾಲಿನ ಜೇಸನ್ ಬರಹವನ್ನು ಇಡಿಯಾಗಿ ತೆರೆದು ಓದಲು ಎರಡು ನಿಮಿಷ ಸಾಕಿತ್ತು. ನಾನು ಓದಿದ್ದು ಮೂರು ತಿಂಗಳ ಮೇಲೆ. 'ಮನೆ' ಎಂಬ ಹೆಸರಿನ ಎದುರಿಗೆ ಚೌಕ ಕಂಸವಿತ್ತು, ಅದರೊಳಗೆ ಎರಡು ಊರು. ಇಬ್ಬರು ಅಣ್ಣತಮ್ಮಂದಿರು, ಒಂದೇ ಕುಟುಂಬವೆಂದು ಒಂದೇ ಸಾಲು. ಚೌಕ ಕಂಸವೆಂದರೆ ಪಟ್ಟಿ. ಜೇಸನ್ ವ್ಯಾಲ್ಯೂ ಬಿಡಿ ಮಾಹಿತಿಯನ್ನಷ್ಟೇ ಕೊಡುತ್ತದೆ. ಪಟ್ಟಿ ಎದುರಾದರೆ ಸದ್ದಿಲ್ಲದೆ ನಲ್ ಎನ್ನುತ್ತದೆ. ಪಟ್ಟಿಗೆ ಜೇಸನ್ ಕ್ವೆರಿ ಎಂಬ ಬೇರೆ ಫಂಕ್ಷನ್ ಬೇಕು. ಅದು ಗೊತ್ತಿಲ್ಲದಿದ್ದರೂ, ದಾರಿಯ ಮೊದಲಿಗೆ ಸ್ಟ್ರಿಕ್ಟ್ ಎಂಬ ಒಂದು ಪದ ಬರೆದಿದ್ದರೆ ಯಂತ್ರ ದೋಷವೆಂದು ಹೇಳಿ ನಿಂತುಬಿಡುತ್ತಿತ್ತು. ಕೆಲಸ ನಿಲ್ಲಬಾರದೆಂದೇ ಫಕ್ಕೀರಪ್ಪನವರು ಆ ಪದವನ್ನು ಬಿಟ್ಟಿದ್ದರು. ಹೀಗೆ ಒಂದು ಮನೆ ಕಳೆದುಕೊಂಡವರಿಗೆ ಮನೆ ಸಿಕ್ಕಿತು. ಎರಡು ಕಳೆದುಕೊಂಡವರಿಗೆ ಏನೂ ಸಿಗಲಿಲ್ಲ.

ಫಕ್ಕೀರಪ್ಪನವರಿಗೆ ತೋರಿಸಿದೆ. "ಸಾಲಿ ಬಿಟ್ಟಾಕಿ ನನಗ ಕಲಸಾಕ ಬಂದಳು ನೋಡ," ಎಂದರು. ಆಮೇಲೆ ಪರದೆಯನ್ನು ಎರಡು ಸಲ ಓದಿ, ದನಿ ತಗ್ಗಿಸಿದರು. "ಇದನ್ನ ಒಪ್ಪಿದ್ರ ಹಿಂದಿನ ನಾಕ್ ಸಾವಿರ ಮಂದೀದೂ ತಗದು ನೋಡಬೇಕಾಗ್ತದ ತಂಗಿ. ಮ್ಯಾಲ ಅಷ್ಟು ಮನಿ ಎಲ್ಲದಾವ?"

ನಾನೇ ಕೆಳವಾಡಕ್ಕೆ ಇಳಿದೆ. ಮೊದಲ ಆಷಾಢದ ನೀರು ತಗ್ಗಿ, ಗೋಡೆಗಳ ಮೇಲೆ ಕೆಸರಿನ ಗೆರೆ ಉಳಿದಿತ್ತು. ದ್ಯಾಮಕ್ಕ ಅಟ್ಟದ ಮೇಲೆ ಒಬ್ಬರೇ ಕೂತಿದ್ದರು. ನಿಮ್ಮ ಹಿರಿಯರ ಎರಡೂ ಮನೆ ದಾಖಲೆಯಲ್ಲಿವೆ, ತಪ್ಪು ನನ್ನದು ಎಂದೆ. ಅವರು ನನ್ನ ಮುಖ ನೋಡಲಿಲ್ಲ.

"ಕೂಸು ನೀರಿಗೆ ಜಾರಿ ಹದಿನಾರು ದಿನ ಆತು," ಎಂದರು. "ಅದಕ್ಕ ಹೇಳ ಹೋಗು."

ಇದಕ್ಕೆ ನಿಮ್ಮನ್ನು ಬೈಯಬೇಕೆಂದು ಬರೆಯಲು ಕೂತೆ. ಆದರೆ ಮುದ್ರೆ ಒತ್ತಿದ್ದು ನನ್ನ ಕೈ, ನಿಮ್ಮದಲ್ಲ. ನಿಮ್ಮ ತಪ್ಪು ಇಷ್ಟು: ಒಂದೇ ಹೆಸರಿನ ಎದುರಿಗೆ ಒಬ್ಬರಿಗೆ ಬಿಡಿ ಪದ ಬರೆದಿರಿ, ಇನ್ನೊಬ್ಬರಿಗೆ ಪಟ್ಟಿ ಬರೆದಿರಿ, ಮುಂದೆ ಯಾರು ಓದುತ್ತಾರೆಂದು ಯೋಚಿಸಲಿಲ್ಲ. ಒಂದೇ ಮನೆಯಿದ್ದರೂ ಪಟ್ಟಿಯೆಂದೇ ಬರೆಯಿರಿ. ಖಾಲಿ ಬಂದ ಸಾಲುಗಳನ್ನು ಯಾರಾದರೂ ಕೂತು ಕಣ್ಣಿನಿಂದ ಓದಿ. ಈ ಕಾಗದ ನಿಮಗೆ ತಲುಪುತ್ತದೆಂದು ನಾನು ನಂಬಿಲ್ಲ, ಆದರೂ ಕೇಳುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಯಾರಿಗೂ ಹೇಳದೆ ಸ್ಟ್ರಿಕ್ಟ್ ಎಂಬ ಆ ಒಂದು ಪದವನ್ನು ದಾರಿಗೆ ಸೇರಿಸಿದೆ. ಹನ್ನೊಂದನೆಯವರ ಸರದಿಗೆ ಯಂತ್ರ ದೋಷವೆಂದು ನಿಂತಿತು. ಹೊರಗೆ ಜನ ಗಲಾಟೆ ಮಾಡುತ್ತಿದ್ದಾರೆ, ಫಕ್ಕೀರಪ್ಪನವರು ಬಾಗಿಲು ಬಡಿಯುತ್ತಿದ್ದಾರೆ. ನಾನು ಅಗಳಿ ಹಾಕಿಕೊಂಡು ಹನ್ನೊಂದನೆಯವರ ಸಾಲನ್ನು ಓದುತ್ತಿದ್ದೇನೆ. ಅವರಿಗೆ ಮೂರು ಮನೆಗಳಿದ್ದವು.