ಮಿಡಿತ ಇರುವವರೆಗೆ

ಹೆರಿಗೆ ವಾರ್ಡು, ಕಿಟಕಿ ಪಕ್ಕದ ಹಾಸಿಗೆ
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿ ನೋವು ಹೇಗಿದೆ? ಆ ಮೌನದ ಮನೆಯಲ್ಲಿ ಎಲ್ಲರನ್ನೂ ಧ್ಯಾನಕ್ಕೆ ನೆಲದ ಮೇಲೆ ಕೂರಿಸುತ್ತಾರಂತೆ. ಏಳುವಾಗ ಗೋಡೆ ಹಿಡಿದುಕೋ, ಹಟ ಮಾಡಬೇಡ. ನಿದ್ದೆಯಲ್ಲೂ ನರ್ಸುಗಳನ್ನು ಗದರಿಸುವ ನೀನು ವಾರವಿಡೀ ಬಾಯಿ ಮುಚ್ಚಿಕೊಂಡಿರುತ್ತೀಯ ಎಂದರೆ ನನ್ನ ಮಗಳು ನಂಬಲೇ ಇಲ್ಲ. "ಅತ್ತೆ ಮಾತಾಡದಿದ್ರೆ ಹೊಟ್ಟೆ ಉಬ್ಬರಿಸಲ್ವಾ ಅಪ್ಪಾ?" ಎಂದು ಕೇಳಿದಳು. ನಿನ್ನ ಫೋನನ್ನು ಗೇಟಿನಲ್ಲೇ ಇಸಿದುಕೊಂಡಿದ್ದಾರೆ, ಅವರ ಆಫೀಸಿಗೆ ಮಾಡಿದರೆ ವಾರ ಮುಗಿಯಲಿ ಅನ್ನುತ್ತಾರೆ. ಅದಕ್ಕೇ ಈ ಕಾಗದ. ಪಕ್ಕದ ಮನೆಯ ಹಾರನ್ ಮಾಮ ತರುತ್ತಿದ್ದಾನೆ. ಲಾರಿ ಓಡಿಸುವುದು ಬಿಟ್ಟರೂ ಹಾರನ್ ಒತ್ತುವ ಚಟ ಬಿಡದ ಮನುಷ್ಯ. ಒಳಗೆ ಬಿಡದಿದ್ದರೆ ಗೇಟಿನ ಮುಂದೆ ಒತ್ತುತ್ತಲೇ ಇರು, ಅವರ ಮೌನ ಎಷ್ಟು ಹೊತ್ತು ತಡೆಯುತ್ತದೋ ನೋಡೋಣ ಎಂದು ಅವನಿಗೆ ಹೇಳಿದ್ದೇನೆ.

ಇನ್ನು ಸುದ್ದಿ. ನೀನು ಹೊರಡುವ ದಿನ ಇವಳನ್ನು, ನನ್ನ ಹೆಂಡತಿಯನ್ನು, ನೋಡಿದೆಯಲ್ಲ, ಐದನೇ ತಿಂಗಳಿಗೇ ನೀರು ಒಡೆದು ಹೋಗಿತ್ತು. ಮಗು ಉಳಿಯುವ ಮಾತೇ ಇಲ್ಲ ಎಂದು ನೀನೇ ಹೇಳಿದೆ. ಹೇಳುವಾಗ ನನ್ನ ಮುಖ ನೋಡಲಿಲ್ಲ. "ಆದ್ರೂ ಎದೆ ಮಿಡೀತಿದೆ ಕಣೋ, ತಾನಾಗೇ ನಿಲ್ಲೋವರೆಗೆ ಕಾಯೋಣ" ಅಂದೆ. ಕಾದೆವು. ನಿನ್ನೆಯಿಂದ ಜ್ವರ. ಬೆಳಿಗ್ಗೆ ಚಳಿ ಹತ್ತಿ ಮಂಚವೇ ಅಲುಗಾಡುವಷ್ಟು ನಡುಗಿದಳು. ಹೋಗುತ್ತಿರುವ ನೀರು ವಾಸನೆ ಬರುತ್ತಿದೆ. ನಂಜು ರಕ್ತಕ್ಕೆ ಏರುತ್ತಿದೆ, ಗರ್ಭ ಖಾಲಿ ಮಾಡದೆ ಬರೀ ಇಂಜೆಕ್ಷನ್ನಿಗೆ ಇದು ಬಗ್ಗುವುದಿಲ್ಲ ಎಂದು ನಿನ್ನ ಕೈಯಲ್ಲಿ ಪಳಗಿದ ಚಿಕ್ಕ ಡಾಕ್ಟರಮ್ಮನೇ ಹೇಳುತ್ತಾಳೆ. ಅದಕ್ಕೆ ಬೇಕಾದ ಔಷಧಿ ಬೀರುವಿನಲ್ಲಿದೆ. ಆದರೆ ಮಿಡಿತ ಇರುವವರೆಗೆ ನಿನ್ನ ಸಹಿ ಇಲ್ಲದೆ ಯಾರೂ ಅದನ್ನು ಮುಟ್ಟಬಾರದು ಎಂಬುದು ಈ ವಾರ್ಡಿಗೆ ನೀನು ಮಾಡಿಟ್ಟ ಕಟ್ಟಳೆ. ಬೇರೆ ಆಸ್ಪತ್ರೆ ಅರ್ಧ ದಿನದ ದಾರಿ, ಬಿ.ಪಿ. ಹೀಗೆ ಇಳಿಯುತ್ತಿರುವಾಗ ಸಾಗಿಸಲು ಡಾಕ್ಟರಮ್ಮನಿಗೆ ಧೈರ್ಯವಿಲ್ಲ. ನಾನು ಅವಳಿಗೆ ಬಾಯಿಗೆ ಬಂದಂತೆ ಬೈದೆ, ಪಾಪ. "ಮೇಡಂ ಒಂದು ಮಾತು ಹೇಳಿದ್ರೆ ಈಗ್ಲೇ ಶುರು ಮಾಡ್ತೀನಿ ಅಣ್ಣಾ" ಎಂದು ಕಣ್ಣೊರೆಸಿಕೊಂಡಳು.

ಆಗಾಗ ನರ್ಸು ಬಂದು ಹೊಟ್ಟೆಯ ಮೇಲೆ ಯಂತ್ರ ಇಟ್ಟು ಕೇಳುತ್ತಾಳೆ. ಸದ್ದು ಕೋಣೆಗೆಲ್ಲ ಕೇಳಿಸುತ್ತದೆ. ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವನು, ಸದ್ದಿನಲ್ಲೇ ಎಲ್ಲಿ ಸವೆದಿದೆ ಎಂದು ಗುರುತಿಸುವವನು. ಎಣ್ಣೆ ಬಿಟ್ಟ ಹೊಸ ಯಂತ್ರದ ಹಾಗೆ ಎಷ್ಟು ಚೆಂದ ಓಡುತ್ತಿದೆ ಗೊತ್ತಾ ಅಕ್ಕಾ! ನಿಂತದ್ದನ್ನು ಓಡಿಸುವುದೇ ನನ್ನ ಹೊಟ್ಟೆಪಾಡು. ಅಂಥವನು ನರ್ಸು ಬಂದಾಗಲೆಲ್ಲ, ನನ್ನ ಮಗುವಿನ ಎದೆ ನಿಂತಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಸದ್ದು ಕೇಳಿದೊಡನೆ ಇವಳು ಗೋಡೆಯ ಕಡೆ ತಿರುಗುತ್ತಾಳೆ. ಕೋಪದಿಂದ ಬರೆಯುತ್ತಿಲ್ಲ. ಇಲ್ಲ, ಕೋಪ ಇದೆ.

ನಿನ್ನ ನಂಬಿಕೆ ಎಲ್ಲಿಂದ ಬಂತು ಎಂದು ನನಗೆ ಗೊತ್ತಿಲ್ಲವೇ? ಚಿಕ್ಕಂದಿನಲ್ಲಿ ಕೋಳಿ ಬಿಟ್ಟುಹೋದ ಮೊಟ್ಟೆಗಳನ್ನು ಎಸೆಯಲು ಬಿಡದೆ ಹತ್ತಿಯಲ್ಲಿ ಸುತ್ತಿ ಒಲೆ ಪಕ್ಕ ಇಟ್ಟು, ಒಂದೊಂದನ್ನೇ ಕಿವಿಗೆ ಹಿಡಿದು ಕೇಳುತ್ತಿದ್ದೆ. ಒಂದು ಒಡೆದು ಮನೆಯೆಲ್ಲ ಗಬ್ಬೆದ್ದು ಅಪ್ಪ ತಟ್ಟೆ ಹಿಡಿದು ಅಂಗಳಕ್ಕೆ ಓಡಿದ. ಇನ್ನೊಂದರಿಂದ ಕುಂಟಿ ಹೊರಬಂದಳು. ಸ್ಕೂಲಿನ ಬಾಗಿಲವರೆಗೂ ನಿನ್ನ ಹಿಂದೆಯೇ ಕುಂಟಿಕೊಂಡು ಬರುತ್ತಿದ್ದ ಮರಿ. ಅವತ್ತಿನಿಂದ ಈ ವಿಷಯದಲ್ಲಿ ನೀನು ಯಾರ ಮಾತನ್ನೂ ಕಿವಿಗೆ ಹಾಕಿಕೊಂಡವಳಲ್ಲ. ಆ ಹಟದಿಂದ ಎಷ್ಟೋ ಮಕ್ಕಳು ಬದುಕಿವೆ, ನನ್ನ ಮಗಳೂ ಅದರಲ್ಲೊಬ್ಬಳು. ಮರೆತಿಲ್ಲ. ಆದರೆ ಇಲ್ಲಿ ಕುಂಟಿ ಬರುವುದಿಲ್ಲ ಅಕ್ಕಾ, ನೀನೇ ಹೇಳಿದ್ದು. ಕಾಯುವುದರಿಂದ ಮಗುವಿಗೆ ಏನೂ ಸಿಗುವುದಿಲ್ಲ, ಇವಳು ಮಾತ್ರ ಕರಗುತ್ತಿದ್ದಾಳೆ. ನಿನ್ನ ನಂಬಿಕೆ ನಿನ್ನದು, ಬೇಕಾದರೆ ನೀನು ಕೈ ಹಾಕಬೇಡ. ಚಿಕ್ಕ ಡಾಕ್ಟರಮ್ಮನ ಕೈಯನ್ನೂ ಯಾಕೆ ಕಟ್ಟಿ ಹೋದೆ? ಮಲಗಿರುವವಳನ್ನು ನೀನೂ ಕೇಳಲಿಲ್ಲ, ನಾನೂ ಕೇಳಿರಲಿಲ್ಲ. ಬೆಳಿಗ್ಗೆ ಕೇಳಿದೆ. "ಎತ್ಕೊಂಡು ಆಡಿಸೋ ಆಸೆ ಇತ್ತು. ಈಗ ಇರೋಳಿಗಾದ್ರೂ ನಾನು ಉಳೀಬೇಕು. ಅತ್ತಿಗೆಗೆ ಹಾಗಂತ ಹೇಳಿ" ಅಂದಳು. ಹೇಳಿದ್ದೇನೆ.

ಮಂಡಿ ಜೋಪಾನ. ಮಗಳು ಮಂಚದ ಪಕ್ಕದಲ್ಲೇ ಕೂತು ಅತ್ತೆಗೆ ಒಂದು ಮುತ್ತು ಕಳಿಸಿದ್ದಾಳೆ.

ನಿನ್ನನ್ನೇ ನಂಬಿಕೊಂಡಿರುವ
ತಮ್ಮ

ವಿ.ಸೂ.: ಕಾಗದ ಮಡಿಚುವಷ್ಟರಲ್ಲಿ ನರ್ಸು ಬಂದು ಹೋದಳು. ಮಿಡಿತ ಇದೆ. ಈ ಸಲ ಇವಳು ಗೋಡೆಯ ಕಡೆ ತಿರುಗಲಿಲ್ಲ. ಮಗಳೆಲ್ಲಿ, ಮಗಳೆಲ್ಲಿ ಎಂದು ಕೇಳುತ್ತಿದ್ದಾಳೆ. ಮಗಳು ಅವಳ ಕೈ ಹಿಡಿದುಕೊಂಡೇ ಕೂತಿದ್ದಾಳೆ. ಅಕ್ಕಾ, ನೀನು ಬರುವುದೂ ಬೇಡ, ಮೌನ ಮುರಿಯುವುದೂ ಬೇಡ. ಹಾರನ್ ಮಾಮನ ಜೇಬಿನಲ್ಲಿ ಪೆನ್ನಿದೆ. ಕಾಗದದ ಹಿಂಬದಿ ಖಾಲಿ ಬಿಟ್ಟಿದ್ದೇನೆ. "ಶುರು ಮಾಡು" ಎಂದು ಬರೆದು ಸಹಿ ಹಾಕಿ ಕಳಿಸು.