ಗುರುಗಳು ಕೇಳಿದ ಒಂದು ಪ್ರಶ್ನೆ

ಪುಟ್ಟಾ,

ನಿನ್ನ ಸೋದರಮಾವ ಬುದ್ಧವಿಹಾರಕ್ಕೆ ಬಂದು ಎರಡೇ ದಿನದಲ್ಲಿ ಸಮಾಧಿ ಸ್ಥಿತಿ ಮುಟ್ಟಿ, ಗುರುಗಳೇ ಎದ್ದು ಬಂದು ಕೈಮುಗಿಯುವಂತೆ ಮಾಡಿದ್ದಾನೆ.

ಮನಸ್ಸು ನಿಲ್ಲಿಸಲು ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕಂತೆ. ಮೊದಲು ಉಸಿರನ್ನು ಆರಿಸಿಕೊಂಡೆ, ಗೊರಕೆ ಬಂತು. ಆಮೇಲೆ ದಿಟ್ಟಿಸಿ ನೋಡಲೆಂದು ದುಂಡನೆಯ ಮಣ್ಣಿನ ಬಿಲ್ಲೆಯ ಮುಂದೆ ಕೂರಿಸಿದರು, ಅದು ಜೂಜಿನ ಚಕ್ರದ ಹಾಗೆ ಗಿರ್ರನೆ ತಿರುಗಿತು. ಕೊನೆಗೆ ಇವತ್ತು ಬೆಳಿಗ್ಗೆ, ಒಬ್ಬರ ಒಳಿತನ್ನೇ ನೆನೆಯುತ್ತ ಕೂರುವ ಮೈತ್ರಿಧ್ಯಾನ ಸಾಕೆಂದೆ.

"ಯಾರನ್ನ ನೆನೀತೀಯಪ್ಪ?"

"ನಮ್ಮಕ್ಕನ ಮಗನ್ನ."

"ಬದುಕಿದ್ದಾನೆ ತಾನೆ? ಸತ್ತವರನ್ನ ಇಟ್ಕೊಂಡು ಕೂತ್ರೆ ಈ ಧ್ಯಾನದಲ್ಲಿ ಮನಸ್ಸು ನಿಲ್ಲಲ್ಲ."

"ಅಯ್ಯೋ, ಗುಂಡುಕಲ್ಲಿನ ಹಾಗಿದ್ದಾನೆ ಸ್ವಾಮಿ! ನಿನ್ನೆ ತಾನೇ ಫೋನಲ್ಲಿ ನನ್ನನ್ನ ಬೈದ."

ಕೂತೆ. ಪುಟ್ಟ ಸುಖವಾಗಿರಲಿ ಎಂದು ನೂರು ಸಲ ಅಂದುಕೊಂಡರೂ ಮನಸ್ಸು ನಿಲ್ಲಲಿಲ್ಲ. ಇದು ನನ್ನ ಮಂಗಬುದ್ಧಿಯ ತಪ್ಪೋ, ಇಲ್ಲ ನೀನೇ... ಕಣ್ಣಲ್ಲಿ ನೀರೇಕೆ ಎಂದು ಗುರುಗಳು ಕೇಳಿದರೆ, "ಧೂಳು ಸ್ವಾಮಿ" ಎಂದೆ.

ಸಮಾಧಿಯೂ ಸುಳ್ಳು, ನಿನ್ನೆಯ ಫೋನೂ ಸುಳ್ಳು. ನೀನು ಮನೆ ಬಿಟ್ಟು ಆರು ವರ್ಷವಾಯಿತು. ಈ ಕಾಗದ ಕಳಿಸಲು ನಿನ್ನ ವಿಳಾಸವೂ ನನ್ನಲ್ಲಿಲ್ಲ. ನಿನ್ನ ಬೇಕರಿಗೆ ಒಲೆ ಕೊಳ್ಳಲೆಂದು ನೀನು ನನ್ನ ಕೈಗಿಟ್ಟ ದುಡ್ಡಿನಲ್ಲಿ ಜೂಜಿಗೆ ಹೋದದ್ದು ಎಂಟೇ ಸಾವಿರ, ಉಳಿದದ್ದನ್ನು ಬಸ್ಸಿನಲ್ಲಿ ಕಳ್ಳ ಹೊಡೆದ ಎಂದಿದ್ದೆನಲ್ಲ? ಕಳ್ಳನೂ ಇರಲಿಲ್ಲ, ನಾನು ಬಸ್ಸೂ ಹತ್ತಿರಲಿಲ್ಲ. ಒಂದು ಲಕ್ಷ ನಲವತ್ತು ಸಾವಿರ ಪುಟ್ಟಾ, ಅಷ್ಟನ್ನೂ ನಾನೇ ಆಡಿ ಕಳೆದೆ.